ಹಳೆಯ ಕರ್ನಲ್‌ನಲ್ಲಿ ಮಷೀನ್ ಚೆಕ್ ಎರರ್ ಬಂದರೆ ಎಲ್ಲಿಂದ ಶುರು ಮಾಡಬೇಕು

ನಾನು ನೋಡಿಕೊಳ್ಳುವ ಒಂದು ಪ್ರೆಸ್‌ನಲ್ಲಿ ಇನ್ನೂ ಸೆಂಟ್‌ಓಎಸ್ 6 ಎಂಬ ಲಿನಕ್ಸ್ ಓಡುತ್ತಿದೆ. ಕರ್ನಲ್ (ಲಿನಕ್ಸ್‌ನ ತಿರುಳು) 2.6.32, ಇಂಟೆಲ್‌ನ ನೆಹಲೆಮ್ ಕಾಲದ ಜಿಯಾನ್ ಪ್ರೊಸೆಸರ್. ಪ್ಲೇಟ್ ಮಾಡುವ ಯಂತ್ರದ ಡ್ರೈವರ್ ಆ ಕರ್ನಲ್‌ಗೆ ಮಾತ್ರ ಇದೆ, ಹಾಗಾಗಿ ಬದಲಿಸಲು ಆಗುವುದಿಲ್ಲ. ಸೆಂಟ್‌ಓಎಸ್ 6ಕ್ಕೆ 2020ರ ನವೆಂಬರ್‌ನಲ್ಲೇ ಅಪ್‌ಡೇಟ್ ನಿಂತಿದೆ. ಇಂಥ ಯಂತ್ರ ಪ್ಯಾನಿಕ್ ಆದಾಗ, ಅಂದರೆ ದೋಷದ ಸಂದೇಶ ತೋರಿಸಿ ನಿಂತಾಗ, ಎಲ್ಲರೂ ಮೊದಲು ದೂರುವುದು ಕರ್ನಲ್ಲನ್ನು. ಆದರೆ ಮಷೀನ್ ಚೆಕ್ ಎನ್ನುವುದು ಹಾರ್ಡ್‌ವೇರ್‌ನಲ್ಲಿ ತಪ್ಪು ಕಂಡಾಗ ಪ್ರೊಸೆಸರ್ ತಾನೇ ಎಬ್ಬಿಸುವ ದೂರು. ಕರ್ನಲ್ ಅದನ್ನು ನಮಗೆ ಮುಟ್ಟಿಸುತ್ತದೆ, ಅಷ್ಟೇ. ಕರ್ನಲ್ ಬದಲಿಸಿದರೆ ಕೆಟ್ಟ ರ್‍ಯಾಮ್ ಸರಿಹೋಗುವುದಿಲ್ಲ.

ಮೊದಲು ಡೇಟಾ ಬ್ಯಾಕಪ್ ತೆಗೆಯಿರಿ. ಉಳಿದದ್ದೆಲ್ಲ ಆಮೇಲೆ. ಹಳೆಯ ಬ್ಯಾಕಪ್ ಮೇಲೆ ಮಾತ್ರ ಬರೆಯಬೇಡಿ, ಬೇರೆ ಡಿಸ್ಕ್‌ಗೆ ತೆಗೆಯಿರಿ. ರ್‍ಯಾಮ್ ಕೆಟ್ಟಿದ್ದರೆ ಹೊಸ ಪ್ರತಿಯಲ್ಲೂ ತಪ್ಪು ಸೇರಿರಬಹುದು.

ಈಗ ಪರದೆಯ ಸಂದೇಶದ ಫೋಟೋ ತೆಗೆಯಿರಿ. ಅದರಲ್ಲಿ ಬ್ಯಾಂಕ್ ಸಂಖ್ಯೆ (ದೂರು ಪ್ರೊಸೆಸರ್‌ನ ಯಾವ ಭಾಗದಿಂದ ಬಂತು ಎಂಬುದು), ಅದರ ಪಕ್ಕ 16 ಅಂಕಿಯ ಹೆಕ್ಸ್ ಸ್ಟೇಟಸ್ (0ರಿಂದ 9, ಎಯಿಂದ ಎಫ್) ಇರುತ್ತದೆ. ಆ ಸ್ಟೇಟಸ್‌ನ ಮೊದಲ ಅಕ್ಷರವನ್ನು ನೋಡಿ. ಅದು 8, 9, ಸಿ ಅಥವಾ ಡಿ ಆಗಿದ್ದರೆ ಇಸಿಸಿ (ಮೆಮೊರಿಯ ತಪ್ಪನ್ನು ಹಿಡಿದು ತಿದ್ದುವ ಏರ್ಪಾಡು) ತಪ್ಪನ್ನು ತಿದ್ದಿದೆ ಎಂದರ್ಥ. ಎ, ಬಿ, ಇ, ಎಫ್ ಇದ್ದರೆ ತಿದ್ದಲಾಗಿಲ್ಲ. ಸಿ, ಡಿ, ಇ, ಎಫ್ ಇದ್ದರೆ ಒಂದನ್ನು ಓದುವ ಮುಂಚೆ ಇನ್ನೊಂದು ತಪ್ಪು ಬಂದಿದೆ, ಅಂದರೆ ನೀವು ನೋಡುತ್ತಿರುವುದಕ್ಕಿಂತ ಜಾಸ್ತಿ ತಪ್ಪುಗಳಿವೆ. ಕೊನೆಯ ನಾಲ್ಕು ಅಂಕಿ 009ಎಫ್ ಆಗಿದ್ದರೆ ಅದು ಮೆಮೊರಿ ಓದುವಾಗ ಆದ ತಪ್ಪು. ನೆಹಲೆಮ್‌ನಲ್ಲಿ ಮೆಮೊರಿ ಕಂಟ್ರೋಲರ್‌ನ ದೂರು ಬರುವುದು ಬ್ಯಾಂಕ್ 8ರಿಂದ. ಬೇರೆ ಬ್ಯಾಂಕ್ ಇದ್ದರೆ ಸುಮ್ನೆ ರ್‍ಯಾಮ್ ಕೊಳ್ಳಲು ಹೋಗಬೇಡಿ, ಅದು ಕ್ಯಾಶ್ ತೊಂದರೆ ಇರಬಹುದು.

ಇಷ್ಟು ಕೈಯಲ್ಲಿ ಓದುವುದು ಕಷ್ಟ ಅನಿಸಿದರೆ ಆ ಸಾಲುಗಳನ್ನು ಒಂದು ಫೈಲಿಗೆ ಹಾಕಿ, ಅವುಗಳನ್ನು ಬಿಡಿಸಿ ಹೇಳುವ ಎಂಸಿಇಲಾಗ್ (mcelog) ಪ್ರೋಗ್ರಾಂಗೆ ಆಸ್ಕಿ (--ascii) ಆಯ್ಕೆಯೊಂದಿಗೆ ಕೊಡಿ. ಹಳೆಯ ಎಂಸಿಇಲಾಗ್‌ಗೆ ಹೊಸ ಪ್ರೊಸೆಸರ್ ಗೊತ್ತಿರುವುದಿಲ್ಲ. ಬೇರೆ ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿ, ಪ್ರೊಸೆಸರ್ ಹೆಸರು ಹೇಳಿ ಓದಿಸಿ. ಹೊಸ ಎಎಂಡಿ ಪ್ರೊಸೆಸರ್‌ಗೆ ಅದು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಮೆಮೊರಿ ತಪ್ಪುಗಳನ್ನು ಗುರುತಿಸುವ ಕರ್ನಲ್‌ನ ಇಡ್ಯಾಕ್ (EDAC) ಮಾಡ್ಯೂಲ್ ಬೇಕು. ಹಳೆಯ ಕರ್ನಲ್‌ನ ಲಾಗ್ ಬಫರ್‌ನಲ್ಲಿ ಹಿಡಿಯುವುದು 32 ದಾಖಲೆ ಮಾತ್ರ ಎನ್ನುವುದು ನೆನಪಿರಲಿ. ಎಂಸಿಇಲಾಗ್ ಗಂಟೆಗೊಮ್ಮೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೇವೆ) ಓಡುತ್ತಿದ್ದರೆ ಎಷ್ಟೋ ದಾಖಲೆ ಕಳೆದುಹೋಗುತ್ತವೆ. ಅದನ್ನು ಡೀಮನ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಸದಾ ಇರುವಂತೆ, ಓಡಿಸಿ.

ಯಾವ ರ್‍ಯಾಮ್ ಕಡ್ಡಿ ಎಂದು ಹುಡುಕಲು ಇಡ್ಯಾಕ್ ಲೆಕ್ಕ ನೋಡಿ. ಸಿಸ್ (/sys) ಫೋಲ್ಡರ್‌ನಲ್ಲಿ ರ್‍ಯಾಮ್‌ನ ಪ್ರತಿ ಸಾಲು, ಪ್ರತಿ ಚಾನೆಲ್‌ಗೆ (ರ್‍ಯಾಮ್‌ಗೆ ಹೋಗುವ ದಾರಿ) ತಿದ್ದಿದ ತಪ್ಪಿನ ಎಣಿಕೆ ಇರುತ್ತದೆ. ಒಂದೇ ಕಡೆ ಏರುತ್ತಿದ್ದರೆ ಆ ಕಡ್ಡಿಯನ್ನು ಬೇರೆ ಚಾನೆಲ್‌ನ ಸ್ಲಾಟ್‌ಗೆ ಹಾಕಿ, ಅಲ್ಲಿದ್ದದ್ದನ್ನು ಇಲ್ಲಿಗೆ ತನ್ನಿ. ತಪ್ಪು ಕಡ್ಡಿಯ ಜೊತೆ ಹೋದರೆ ಕಡ್ಡಿ ಕೆಟ್ಟಿದೆ. ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್. ನನಗೆ ಇದಕ್ಕಿಂತ ಜಾಸ್ತಿ ನಂಬಿಕೆಯ ಪರೀಕ್ಷೆ ಗೊತ್ತಿಲ್ಲ. ತೆಗೆಯುವಾಗ ಪವರ್ ಕೇಬಲ್ ಪೂರ್ತಿ ಕಳಚಿ, ಸ್ಲಾಟ್‌ನ ಧೂಳು ಊದಿ. ಪ್ರೆಸ್‌ನಲ್ಲಿ ಕಾಗದದ ಪುಡಿ ಎಲ್ಲಿಗೂ ನುಗ್ಗುತ್ತದೆ. ಎಷ್ಟೋ ಸಲ ಕಡ್ಡಿ ತೆಗೆದು ಸರಿಯಾಗಿ ಕೂರಿಸಿದರೇ ಸಾಕಾಗುತ್ತದೆ.

ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದನ್ನೇ ನಂಬಬೇಡಿ. ಇಸಿಸಿ ಇರುವ ಯಂತ್ರದಲ್ಲಿ ತಪ್ಪು ಅದಕ್ಕೆ ಕಾಣುವ ಮೊದಲೇ ತಿದ್ದಿರುತ್ತದೆ, ಪರದೆಯಲ್ಲಿ ಸೊನ್ನೆ ಬರುತ್ತದೆ. ಬೋರ್ಡ್‌ನ ಐಪಿಎಂಐ (ಬೋರ್ಡ್‌ನ ಸ್ವಂತ ನಿಗಾ ವ್ಯವಸ್ಥೆ) ದಾಖಲೆಯನ್ನೂ ಓದಿ. ಕರ್ನಲ್ ಪೂರ್ತಿ ನಿಂತಾಗಲೂ ಬೋರ್ಡ್ ಕೆಲವು ತಪ್ಪುಗಳನ್ನು ಬರೆದಿಟ್ಟಿರುತ್ತದೆ.

ಬೂಟ್ ಸಾಲಿನಲ್ಲಿ ಎಂಸಿಇ ಆಫ್ (mce=off, ಮಷೀನ್ ಚೆಕ್ ನಿಲ್ಲಿಸುವ ಆಯ್ಕೆ) ಎಂದು ಹಾಕುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆಗ ದೊಡ್ಡ ತಪ್ಪು ಬಂದರೆ ಪ್ರೊಸೆಸರ್ ಒಂದು ಸಂದೇಶವನ್ನೂ ಕೊಡದೆ ನಿಲ್ಲುತ್ತದೆ ಅಥವಾ ಯಂತ್ರ ರೀಸೆಟ್ ಆಗುತ್ತದೆ. ಇದ್ದ ಒಂದೇ ಸುಳಿವನ್ನೂ ನಾವೇ ಕಳೆದುಕೊಂಡಂತೆ, ಅಲ್ವಾ? ಕೆಟ್ಟ ವಿಳಾಸ ಒಂದೇ ಕಡೆ ಇದ್ದು, ಹೊಸ ಕಡ್ಡಿ ಬರುವುದು ತಡವಾದರೆ, ಬೂಟ್ ಸಾಲಿನ ಮೆಮ್‌ಮ್ಯಾಪ್ ಆಯ್ಕೆಯಿಂದ ಆ ಭಾಗವನ್ನು ಕರ್ನಲ್ ಮುಟ್ಟದಂತೆ ಮಾಡಬಹುದು. ಅಲ್ಲಿಯವರೆಗೆ ಮಾತ್ರ.

ಹೊಸ ಕಡ್ಡಿ ಕೊಳ್ಳುವಾಗ ಡಿಎಂಐಡಿಕೋಡ್ (dmidecode) ಕಮಾಂಡ್ ತೋರಿಸುವ ಪಾರ್ಟ್ ನಂಬರನ್ನೇ ಹೇಳಿ. ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ ಎಂಬ ಎರಡು ಬಗೆಯ ಕಡ್ಡಿಗಳನ್ನು ಬೆರೆಸಿದರೆ ಯಂತ್ರ ಶುರುವೇ ಆಗುವುದಿಲ್ಲ. ಹಾಕಿದ ಮೇಲೆ ಜೋರು ಕೆಲಸ ನಡೆಯುವ ಹೊತ್ತಿನಲ್ಲಿ ಇಡ್ಯಾಕ್ ಲೆಕ್ಕ ಇನ್ನೊಮ್ಮೆ ನೋಡಿ. ಇಸಿಸಿ ತಿದ್ದಿದ ತಪ್ಪುಗಳು ಲೆಕ್ಕಕ್ಕೆ ಬರಲು ಕೆಲವೊಮ್ಮೆ ಐದು ನಿಮಿಷದವರೆಗೂ ಆಗಬಹುದು, ಆದ್ದರಿಂದ ಕೂಡಲೇ ಸೊನ್ನೆ ಕಂಡಿತೆಂದು ಮುಚ್ಚಳ ಹಾಕಬೇಡಿ.