ಹಳೆಯ ಮೋಟಾರು ದೋಣಿಯ ದುರಸ್ತಿ
ಕೊಡಗಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬಿದ್ದಿರುವ ಫೈಬರ್‌ಗ್ಲಾಸ್ ದೋಣಿಗೆ ತೇವಾಂಶವೇ ದೊಡ್ಡ ಶತ್ರು. ಆದ್ದರಿಂದ ದುರಸ್ತಿಯನ್ನು ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕೈಗೊಳ್ಳುವುದು ಲೇಸು.

ಬಣ್ಣದ ಯೋಚನೆಗೆ ಮೊದಲು, ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಸಣ್ಣ ಸುತ್ತಿಗೆಯಿಂದ ಎಲ್ಲೆಡೆ ತಟ್ಟಿ ನೋಡಬೇಕು. ಸದ್ದು ಮಂದವಾಗಿದ್ದರೆ ಒಳಗಿನ ಪ್ಲೈವುಡ್ ಕೊಳೆತಿರುವ ಸಂಭವವಿದೆ. ಸಣ್ಣ ರಂಧ್ರ ಕೊರೆದಾಗ ಕಪ್ಪಾದ ಒದ್ದೆ ಹುಡಿ ಬಂದರೆ ಸಂಶಯ ಉಳಿಯುವುದಿಲ್ಲ. ಕೊಳೆತ ಭಾಗವನ್ನು ಪೂರ್ತಿ ತೆಗೆದು, ಮರೈನ್ ಪ್ಲೈವುಡ್ (ನೀರು ತಡೆಯುವ ಅಂಟಿನ ಪ್ಲೈವುಡ್) ಕೂರಿಸಿ, ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟುರಾಳ) ಮತ್ತು ಗಾಜಿನ ನಾರಿನ ಬಟ್ಟೆಯಿಂದ ಮುಚ್ಚಬೇಕು. ಹಳೆಯ ಮೇಲ್ಮೈಗೆ ಪಾಲಿಯೆಸ್ಟರ್ ರಾಳಕ್ಕಿಂತ ಎಪಾಕ್ಸಿಯೇ ಬಿಗಿಯಾಗಿ ಅಂಟುವುದರಿಂದ, ಬೆಲೆ ಹೆಚ್ಚಾದರೂ ಇಲ್ಲಿ ಜಿಪುಣತನ ಸಲ್ಲದು. ಉಜ್ಜುವಾಗ ಮುಖಗವಸು ಕಡ್ಡಾಯ.

ಔಟ್‌ಬೋರ್ಡ್ (ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್ನಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಸೋರಿ ನೀರು ಸೇರಿದೆ ಎಂದು ತಿಳಿಯಬೇಕು. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ಎಂಜಿನ್ ತಣಿಸಲು ನೀರು ತಳ್ಳುವ ಚಕ್ರ) ನೋಡಲು ಚೆನ್ನಾಗಿದ್ದರೂ ಬದಲಾಯಿಸಿಯೇ ಬಿಡಬೇಕು. ನೀರಿಲ್ಲದೆ ಓಡಿಸಿದರೆ ಹೊಸದೂ ಬೇಗನೆ ಸುಟ್ಟುಹೋಗುವುದರಿಂದ, ಮೊದಲ ಪರೀಕ್ಷೆಯನ್ನು ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಮಾಡಬೇಕು. ತೋಟದಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ) ಕಲಸಿದ ಡ್ರಮ್ಮಾದರೆ ಚೆನ್ನಾಗಿ ತೊಳೆದಿರಲಿ.

ಹಾರಂಗಿಯಂತಹ ಜಲಾಶಯಕ್ಕೆ ದೋಣಿ ಇಳಿಸುವ ಮುನ್ನ ಸಂಬಂಧಪಟ್ಟ ಇಲಾಖೆಯ ಅನುಮತಿಯನ್ನೂ ನೋಂದಣಿಯ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು.