ಬಾರ್ಸಿಲೋನಾ ವರದಿಗಾರರನ್ನು ಕ್ರೂಕ್ ಊರಿಗೆ ಕರೆಸಿದ್ದು

ಇಂಗ್ಲೆಂಡ್ ಫುಟ್‌ಬಾಲ್‌ನ ಒಂಬತ್ತನೇ ಹಂತದಲ್ಲಿ ಆಡುವ ಕ್ಲಬ್ಬಿಗೆ ಬಾರ್ಸಿಲೋನಾದ ಪತ್ರಿಕೆ ಪುಟಗಟ್ಟಲೆ ಜಾಗ ಕೊಡುತ್ತದೆ ಅಂತ ನಾನು ಹೇಳಿದಾಗ ಯಾರೂ ನಂಬಲಿಲ್ಲ. ನಮ್ಮ ಹಾಗೇ ಸಣ್ಣ ಕ್ಲಬ್ಬುಗಳ ಪ್ರೆಸ್ ಕೆಲಸ ಮಾಡುವ ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲೇ ನಕ್ಕುಬಿಟ್ಟ. "ಗುರು, ಅವ್ರಿಗೆ ಬಾರ್ಸಾ ಬಿಟ್ರೆ ಬೇರೆ ಏನೂ ಕಾಣಲ್ಲ. ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ" ಅಂದ. ಬಾರ್ಸಾ ಅಂದರೆ ಬಾರ್ಸಿಲೋನಾದ ದೊಡ್ಡ ಫುಟ್‌ಬಾಲ್ ಕ್ಲಬ್. ಅವನ ಮೊದಲ ಮಾತು ಪೂರ್ತಿ ನಿಜ. ನನ್ನ ಕೆಲಸ ಆಗಿದ್ದೇ ಅದನ್ನು ನಂಬಿದ ಮೇಲೆ.

ಕ್ಲಬ್ಬಿನ ಹೆಸರು ಕ್ರೂಕ್ ಟೌನ್. ಇಂಗ್ಲೆಂಡಿನ ಈಶಾನ್ಯದಲ್ಲಿ, ಡರಮ್ ಕೌಂಟಿಯ ಹಳೇ ಕಲ್ಲಿದ್ದಲು ಊರು. ಆಡುವುದು ನಾರ್ದರ್ನ್ ಲೀಗ್‌ನಲ್ಲಿ, ಮೈದಾನ ಮಿಲ್‌ಫೀಲ್ಡ್. ಸಂಬಳವಿಲ್ಲದೆ ಆಡುವ ತಂಡಗಳ ಎಫ್‌ಎ ಅಮೆಚೂರ್ ಕಪ್ ಐದು ಸಲ ಗೆದ್ದಿದ್ದಾರೆ, ಕೊನೆಯ ಸಲ 1964ರಲ್ಲಿ. ನಾನು ಕ್ಲಬ್ಬಿನ ನೌಕರನಲ್ಲ, ಕಮಿಟಿಯಲ್ಲೂ ಇಲ್ಲ. ಪಕ್ಕದ ಬಿಷಪ್ ಆಕ್ಲೆಂಡ್‌ನಲ್ಲಿ ಮನೆ, ಹಗಲು ಬೇರೆ ಕೆಲಸ, ಶನಿವಾರ ಟಿಕೆಟ್ ಕೊಂಡು ಗೇಟಿನೊಳಗೆ ಹೋಗುವವನು. ಈ ಪ್ರೆಸ್ ಕೆಲಸ ಸ್ವಂತ ಜೇಬಿನ ಹುಚ್ಚು.

ಸ್ಪೇನ್ ನಂಟು ನಿಮ್ಮಲ್ಲಿ ಹಲವರಿಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಕ್ರೂಕ್ ಪಕ್ಕದ ಪೀಸಸ್ ವೆಸ್ಟ್ ಎಂಬ ಗಣಿ ಹಳ್ಳಿಯಲ್ಲಿ 1884ರಲ್ಲಿ ಹುಟ್ಟಿದವರು ಜಾಕ್ ಗ್ರೀನ್‌ವೆಲ್. ಗಣಿ ಕೆಲಸ ಮಾಡುತ್ತಲೇ ಕ್ರೂಕ್‌ಗೆ ಆಡುತ್ತಿದ್ದರು. 1912ರಲ್ಲಿ ಬಾರ್ಸಿಲೋನಾಗೆ ಹೋದರು. ಮರುವರ್ಷ ಕ್ರೂಕ್ ತಂಡವೇ ಅಲ್ಲಿಗೆ ಹೋಗಿ ಬಾರ್ಸಾ ಎದುರು ಆಡಿತು. 1920ರ ದಶಕದ ಶುರುವಿನಲ್ಲೂ ಮತ್ತೆ ಹೋಯಿತು. ಅಷ್ಟರಲ್ಲಿ ಗ್ರೀನ್‌ವೆಲ್ ಬಾರ್ಸಾ ಕೋಚ್ ಆಗಿದ್ದರು. 1917ರಿಂದ 1923ರವರೆಗೆ ಒಂದು ಸಲ, 1931ರಿಂದ 1933ರವರೆಗೆ ಇನ್ನೊಂದು ಸಲ. 1920 ಮತ್ತು 1922ರ ಸ್ಪೇನ್ ಕಪ್ ಅವರ ಕಾಲದ್ದು. ನಡುವೆ 1929ರಲ್ಲಿ, ಅದೇ ಊರಿನ ಎದುರಾಳಿ ಎಸ್ಪಾನ್ಯೋಲ್‌ಗೆ ಆ ಕ್ಲಬ್ಬಿನ ಮೊದಲ ಸ್ಪೇನ್ ಕಪ್ಪನ್ನೂ ಗೆದ್ದುಕೊಟ್ಟರು. ಈ ಎಸ್ಪಾನ್ಯೋಲ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಶುರು ಮಾಡುವ ಮೊದಲು ವಿಗನ್ ಕತೆಯನ್ನು ಚೆನ್ನಾಗಿ ಓದಿಕೊಂಡೆ. 1995ರಲ್ಲಿ ಇಂಗ್ಲೆಂಡಿನ ನಾಲ್ಕನೇ ಹಂತದಲ್ಲಿದ್ದ ವಿಗನ್ ಅಥ್ಲೆಟಿಕ್‌ಗೆ ಸ್ಪೇನ್‌ನಿಂದ ಮೂವರು ಬಂದರು: ರೋಬರ್ಟೊ ಮಾರ್ಟಿನೆಸ್, ಹೆಸುಸ್ ಸೆಬಾ, ಇಸಿದ್ರೊ ದಿಯಾಸ್. ಆಮೇಲೆ ಮಾರ್ಟಿನೆಸ್ ಅದೇ ಕ್ಲಬ್ಬಿನ ಕೋಚ್ ಆಗಿ 2013ರಲ್ಲಿ ಎಫ್‌ಎ ಕಪ್ ಗೆದ್ದರು. ಫೈನಲ್‌ನಲ್ಲಿ ಸೋತಿದ್ದು ಮ್ಯಾಂಚೆಸ್ಟರ್ ಸಿಟಿ. ಮುಂದೆ ಬೆಲ್ಜಿಯಂ, ಪೋರ್ಚುಗಲ್ ರಾಷ್ಟ್ರೀಯ ತಂಡಗಳಿಗೂ ಕೋಚ್ ಆದರು. ನನ್ನ ಕೈಗೆ ಸಿಕ್ಕ ಸ್ಪೇನ್ ಲೇಖನಗಳಲ್ಲಿ ಹೆಚ್ಚಿನವು ವಿಗನ್‌ನಿಂದ ಶುರುವಾಗುವುದಿಲ್ಲ. ಮಾರ್ಟಿನೆಸ್ ಅವರ ಸ್ಪೇನ್‌ನ ಹುಟ್ಟೂರು ಬಲಾಗೆರ್‌ನಿಂದ ಶುರುವಾಗುತ್ತವೆ. ಅಂದರೆ ಓದುಗನ ಮನೆ ಬಾಗಿಲಿನಿಂದ. ಸಣ್ಣ ಕ್ಲಬ್ ಬರುವುದು ನಾಲ್ಕನೇ ಪ್ಯಾರಾದಲ್ಲಿ. ನಾವು ಕಳಿಸುವ ಪ್ರೆಸ್ ನೋಟ್‌ಗಳಲ್ಲಿ ಸಣ್ಣ ಕ್ಲಬ್ಬೇ ಮೊದಲ ಸಾಲು, ಅಲ್ವಾ? ಅದಕ್ಕೇ ಅವು ಕಸದ ಬುಟ್ಟಿ ಸೇರುವುದು.

ಆದರೆ ವಿಗನ್‌ಗೆ ಇದ್ದ ಒಂದು ಅನುಕೂಲ ನನಗೆ ಇರಲಿಲ್ಲ. ಅವರ ಮೂವರೂ ಮೈಕ್ ಮುಂದೆ ಕೂತು ಮಾತಾಡಬಲ್ಲವರು. ನನ್ನ ಕತೆಯ ನಾಯಕ ಗ್ರೀನ್‌ವೆಲ್ 1942ರಲ್ಲೇ ಬೊಗೊಟಾದಲ್ಲಿ ತೀರಿಕೊಂಡಿದ್ದಾರೆ.

ಮೊದಲ ಸುತ್ತು 2022ರಲ್ಲಿ. ಬಾರ್ಸಾದ ಹಳೇ ಮೈದಾನ ಲೆಸ್ ಕೋರ್ಟ್ಸ್ ಶುರುವಾಗಿದ್ದು 1922ರ ಮೇ ತಿಂಗಳಲ್ಲಿ, ಆಗ ಕೋಚ್ ಗ್ರೀನ್‌ವೆಲ್. ಶತಮಾನೋತ್ಸವ, ಇಂಗ್ಲಿಷ್ ಕೋಚ್, ಗಣಿ ಊರು. ಇನ್ನೇನು ಬೇಕು? ಸ್ಪ್ಯಾನಿಷ್‌ನಲ್ಲಿ ನೋಟ್ ಬರೆಸಿ ಮ್ಯಾಡ್ರಿಡ್, ಬಾರ್ಸಿಲೋನಾದ ಸುಮಾರು ಮೂವತ್ತು ವಿಳಾಸಗಳಿಗೆ ಕಳಿಸಿದೆ. ಬಂದ ಉತ್ತರ ಎರಡೋ ಮೂರೋ, ಎಲ್ಲ ಯಂತ್ರ ಕಳಿಸಿದ್ದು. ಮ್ಯಾಡ್ರಿಡ್‌ನ ಒಬ್ಬರು ಮಾತ್ರ ಪ್ರೀತಿಯಿಂದ ಬರೆದರು: ಬಾರ್ಸಾದಲ್ಲಿ ಈ ವಾರ ಜಗಳ ಏನಾದರೂ ಇದ್ದರೆ ಹೇಳಿ, ಇತಿಹಾಸ ಬೇಡ. ಅಲ್ಲಿಗೆ ಮ್ಯಾಡ್ರಿಡ್ ಕೈಬಿಟ್ಟೆ. ಈಗಲೂ ಹೇಳುತ್ತೇನೆ, ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯದ ಕತೆಯನ್ನು ಮ್ಯಾಡ್ರಿಡ್‌ಗೆ ಕಳಿಸುವುದು ದಂಡ.

ಫೋಟೋ ವಿಷಯ ಇನ್ನೂ ದುಬಾರಿಯಾಯಿತು. ಗ್ರೀನ್‌ವೆಲ್ ಇರುವ ಒಂದು ತಂಡದ ಚಿತ್ರಕ್ಕೆ ಒಂದು ಏಜೆನ್ಸಿ ಇನ್ನೂರು ಪೌಂಡ್ ಹತ್ತಿರ ಕೇಳಿತು. ಅದೂ ಒಂದೇ ಸಲದ ಬಳಕೆಗೆ. ನೂರು ವರ್ಷ ದಾಟಿದ ಚಿತ್ರಕ್ಕೆ ಇಷ್ಟೇಕೆ ಅಂದರೆ ಸ್ಕ್ಯಾನ್ ನಮ್ಮದು ಅಂದರು. ನಾನು ಕೊಳ್ಳಲಿಲ್ಲ. ಹಳೇ ಫುಟ್‌ಬಾಲ್ ಪೋಸ್ಟ್‌ಕಾರ್ಡ್ ಮಾರುವ ಸಂತೆಯಲ್ಲಿ ಇಪ್ಪತ್ತು ಪೌಂಡ್ ಚಿಲ್ಲರೆಗೆ ಕ್ರೂಕ್ ತಂಡದ ಕಾರ್ಡ್ ಒಂದು ಸಿಕ್ಕಿತು. ನನ್ನದೇ ಸ್ಕ್ಯಾನ್, ಯಾರನ್ನೂ ಕೇಳಬೇಕಾಗಿಲ್ಲ. ಕೊನೆಗೆ ಅಚ್ಚಾಗಿದ್ದು ಅದೇ.

ದಾರಿ ತೆರೆದಿದ್ದು ಬಾರ್ಸಿಲೋನಾದ ಹಳೇ ಪತ್ರಿಕೆಗಳಲ್ಲಿ. 'ಮುಂದೊ ದೆಪೊರ್ತಿವೊ' ಮತ್ತು 'ಲಾ ವಾಂಗ್ವಾರ್ದಿಯಾ' ಎರಡರ ಹಳೇ ಸಂಚಿಕೆಗಳೂ ಆನ್‌ಲೈನ್‌ನಲ್ಲಿ ಇವೆ. 1913ರಲ್ಲಿ ಮೊದಲನೆಯದು ಇನ್ನೂ ವಾರಪತ್ರಿಕೆ, ದಿನಪತ್ರಿಕೆ ಆಗಿದ್ದು 1929ರಲ್ಲಿ. ಹಾಗಾಗಿ ಪಂದ್ಯದ ಮರುದಿನ ಹುಡುಕಿದರೆ ಏನೂ ಸಿಗಲ್ಲ, ಮುಂದಿನ ವಾರ ನೋಡಬೇಕು. ಹೆಸರು ಹಾಕಿ ಹುಡುಕುವುದನ್ನೂ ನಂಬಬೇಡಿ. ಹಳೇ ಅಚ್ಚನ್ನು ಯಂತ್ರ ತಪ್ಪು ಓದುತ್ತದೆ, ಆಗಿನ ಅಚ್ಚುಮೊಳೆ ಜೋಡಿಸುವವರು ಇಂಗ್ಲಿಷ್ ಹೆಸರುಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದ್ದಾರೆ. ನಾನು ಹೆಸರು ಬಿಟ್ಟು ತಾರೀಖು ಹಿಡಿದು ಪುಟ ಪುಟ ತಿರುವಿದೆ. ಒಂದು ಚಳಿಗಾಲದ ಸಂಜೆಗಳೆಲ್ಲ ಅದಕ್ಕೇ ಹೋದವು. ಹೆಂಡತಿ "ಆಫೀಸಿನದ್ದಾ ಇದು?" ಅಂತ ಕೇಳಿದಾಗ ಹೂಂ ಅಂದೆ.

ಆಮೇಲೆ ಕ್ರೂಕ್ ಕತೆ ಹೇಳುವುದನ್ನು ಬಿಟ್ಟೆ. ಮೇಲ್‌ನ ತಲೆಯಲ್ಲಿ ಹಳೇ ಪುಟದ ತುಣುಕು. ಕೆಳಗೆ ಮೂರೇ ವಿಷಯ: ನಿಮ್ಮೂರು ನೂರು ವರ್ಷದ ಹಿಂದೆ ಈ ತಂಡವನ್ನು ಹೀಗೆ ಬರಮಾಡಿಕೊಂಡಿತ್ತು. ಆ ತಂಡ ಇನ್ನೂ ಇದೆ, ಮುಂದಿನ ಶನಿವಾರವೂ ಆಡುತ್ತದೆ. ಬಂದರೆ ನಾನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಬಾರ್ಸಾ ಬಿಟ್ಟರೆ ಬೇರೆ ಕಾಣದವರಿಗೆ ಬಾರ್ಸಾದ್ದೇ ಒಂದು ಕಳೆದುಹೋದ ತುಂಡನ್ನು ಕೊಟ್ಟಿದ್ದು, ಅಷ್ಟೇ. ವಿಷಯದ ಸಾಲಿನಲ್ಲಿ ಏನು ಬರೆದೆ ಅಂತ ಇಲ್ಲಿ ಹೇಳಲ್ಲ. ಆರು ಪದ, ಮೇಲ್ ತೆರೆಸಿದ್ದು ಅದು. ಇನ್ನೂ ಎರಡು ಊರುಗಳಿಗೆ ಅದನ್ನೇ ಬಳಸುವುದಿದೆ.

ಭಾಷೆ ಸ್ಪ್ಯಾನಿಷ್ ಅಲ್ಲ, ಕ್ಯಾಟಲೋನಿಯಾದವರ ಸ್ವಂತ ಭಾಷೆ ಕ್ಯಾಟಲನ್. ಇದರಲ್ಲಿ ರಾಜಿ ಬೇಡ. ಮೊದಲು ಯಂತ್ರದ ಅನುವಾದ ಕಳಿಸಿ ನೋಡಿದ್ದೆ, ಒಂದೂ ಉತ್ತರ ಇಲ್ಲ. ಆಮೇಲೆ ಡರಮ್‌ನಲ್ಲಿ ಓದುತ್ತಿದ್ದ ಜಿರೋನಾ ಕಡೆಯ ಹುಡುಗಿಯೊಬ್ಬಳಿಗೆ ತೋರಿಸಿದೆ. ಓದಿ ಹೊಟ್ಟೆ ಹಿಡಿದು ನಕ್ಕಳು, ಪೂರ್ತಿ ಹೊಸದಾಗಿ ಬರೆದುಕೊಟ್ಟಳು. ಅರವತ್ತು ಪೌಂಡ್ ಕೊಟ್ಟೆ. ಅನುವಾದದ ಕಂಪನಿ ಇದಕ್ಕೆ ಮೂರು ಪಟ್ಟು ಹೇಳಿತ್ತು.

ಇನ್ನು ಸಮಯ. ಬಾರ್ಸಾ ಕ್ಲಬ್ ಹುಟ್ಟಿದ್ದು 1899ರ ನವೆಂಬರ್ 29. ಹಾಗಾಗಿ 2024ರ ನವೆಂಬರ್‌ಗೆ 125 ವರ್ಷ. ಎಲ್ಲರೂ ಅಕ್ಟೋಬರ್ ಕೊನೆಯಲ್ಲಿ ಮೇಲ್ ಕಳಿಸುತ್ತಾರೆ. ಅಷ್ಟರಲ್ಲಿ ವಿಶೇಷ ಪುರವಣಿಗಳ ಪುಟಗಳು ಹಂಚಿಹೋಗಿರುತ್ತವೆ. ನಾನು ಜೂನ್‌ನಲ್ಲೇ ಕಳಿಸಿದೆ. ಆಗಸ್ಟ್ ಮುಟ್ಟಬೇಡಿ, ಅರ್ಧ ಕಚೇರಿ ಕಡಲ ದಂಡೆಯಲ್ಲಿ ಇರುತ್ತದೆ, ಉಳಿದರ್ಧ ಆಟಗಾರರ ವರ್ಗಾವಣೆ ಸುದ್ದಿಯಲ್ಲಿ ಮುಳುಗಿರುತ್ತದೆ. ವರದಿಗಾರರನ್ನು ಕರೆಸಲು ಒಳ್ಳೆಯ ವಾರ ಅಂತರರಾಷ್ಟ್ರೀಯ ಪಂದ್ಯಗಳ ವಾರ. ಆಗ ಸ್ಪೇನ್‌ನ ದೊಡ್ಡ ಲೀಗ್ ಲಾ ಲೀಗಾ ನಿಂತಿರುತ್ತದೆ, ಪುಟಗಳು ಖಾಲಿ. ನಮ್ಮ ನಾರ್ದರ್ನ್ ಲೀಗ್ ಮಾತ್ರ ಯಾವ ದೇಶ ಯಾರ ಮೇಲೆ ಆಡಿದರೂ ನಿಲ್ಲುವುದಿಲ್ಲ.

ಅಷ್ಟಾದರೂ ಬಾರ್ಸಿಲೋನಾದ ಪತ್ರಿಕೆಯವರು ಜುಲೈ ತನಕ ಎಳೆದಾಡಿದರು. ಆಗ ಎಸ್ಪಾನ್ಯೋಲ್ ಅಸ್ತ್ರ ಬಿಟ್ಟೆ. ಇದೇ ಕೋಚ್ ಎಸ್ಪಾನ್ಯೋಲ್‌ಗೂ ಮೊದಲ ಕಪ್ ಗೆದ್ದುಕೊಟ್ಟವರು, ಅವರ ಕಡೆಯವರಿಗೂ ಬರೆಯೋಣ ಅಂತಿದ್ದೇನೆ ಅಂತ ಒಂದು ಸಾಲು, ಸುಮ್ನೆ ಮಾಹಿತಿಗೆ ಅನ್ನುವ ಹಾಗೆ. ಮರುದಿನವೇ ಫೋನ್ ಬಂತು.

ಅಕ್ಟೋಬರ್‌ನಲ್ಲಿ ವರದಿಗಾರರು ಬಂದರು, ಜೊತೆಗೆ ಕ್ಯಾಮೆರಾದವರು. ಕ್ರೂಕ್‌ಗೆ ರೈಲು 1965ರಲ್ಲೇ ನಿಂತಿದೆ. ಡರಮ್ ಸ್ಟೇಷನ್‌ನಿಂದ ನನ್ನ ಕಾರಿನಲ್ಲೇ ಕರೆತಂದೆ. ದಾರಿಯಲ್ಲಿ ನನ್ನ ಊರು ಕೇಳಿದರು. ಬೆಂಗಳೂರು ಅಂದದ್ದೇ ತಡ, "ಆಲ್ಬರ್ಟ್ ರೋಕಾ! ಕಾರ್ಲೆಸ್ ಕ್ವಾದ್ರಾತ್!" ಅಂತ ಶುರು ಮಾಡಿದರು. ಇಬ್ಬರೂ ಬಾರ್ಸಾ ನಂಟಿದ್ದು ಬೆಂಗಳೂರು ಎಫ್‌ಸಿಗೆ ಕೋಚ್ ಆದವರು, ಕ್ವಾದ್ರಾತ್ ಕಾಲದಲ್ಲೇ 2018-19ರ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಬಂದಿದ್ದು. ನಾನು ಕಂಠೀರವದಲ್ಲಿ ಆ ತಂಡದ ಪಂದ್ಯ ನೋಡಿದವನು. ಉಳಿದ ದಾರಿ ಗ್ರೀನ್‌ವೆಲ್ ಮರೆತು ಸುನಿಲ್ ಛೇತ್ರಿ ಬಗ್ಗೆಯೇ ಮಾತು.

ಅವರನ್ನು ಬರೀ ಮೈದಾನಕ್ಕೆ ಕರೆದುಕೊಂಡು ಹೋಗಲಿಲ್ಲ. ಇದು ನನ್ನ ಲೆಕ್ಕಾಚಾರದ ಭಾಗ. ಒಂಬತ್ತನೇ ಹಂತದ ಪಂದ್ಯ ತೊಂಬತ್ತು ನಿಮಿಷಕ್ಕೆ ಮುಗಿಯುತ್ತದೆ, ಉಳಿದ ಹೊತ್ತು ಏನು ತೋರಿಸುವುದು? ಕ್ರೂಕ್‌ನಿಂದ ಐದಾರು ಮೈಲಿಗೆ ಬಿಷಪ್ ಆಕ್ಲೆಂಡ್. ಅಲ್ಲಿನ ಅರಮನೆಯಲ್ಲಿ ಸ್ಪೇನ್‌ನ ಚಿತ್ರಕಾರ ಸುರ್ಬರಾನ್ ಬರೆದ ಬೈಬಲ್‌ನ ಯಾಕೋಬ ಮತ್ತವನ ಹನ್ನೆರಡು ಮಕ್ಕಳ ಆಳೆತ್ತರದ ಚಿತ್ರಗಳಿವೆ. 1756ರಲ್ಲಿ ಬಿಷಪ್ ಟ್ರೆವರ್ ಕೊಂಡದ್ದು. ಹದಿಮೂರರಲ್ಲಿ ಹನ್ನೆರಡು ಅಸಲಿ, ಕೊನೆಯ ಮಗ ಬೆಂಜಮಿನ್ ಚಿತ್ರ ಮಾತ್ರ ನಕಲು. ಅದರ ಅಸಲಿ ಲಿಂಕನ್‌ಷೈರ್‌ನ ಇನ್ನೊಂದು ಕೋಟೆಮನೆಯಲ್ಲಿದೆ. 2021ರಿಂದ ಪೇಟೆಯಲ್ಲೇ ಸ್ಪೇನ್ ಕಲೆಗೆ ಅಂತಲೇ ಒಂದು ಗ್ಯಾಲರಿಯೂ ಇದೆ. ಕ್ರೀಡಾ ವರದಿಗಾರರು ಆ ಚಿತ್ರಗಳ ಮುಂದೆ ಮುಕ್ಕಾಲು ಗಂಟೆ ನಿಂತರು. ಕ್ರೀಡಾ ಪುಟದ ಜೊತೆಗೆ ಪ್ರವಾಸದ ಪುಟದಲ್ಲೂ ಅರ್ಧ ಪುಟ ಬಂದಿದ್ದು ಇದರಿಂದಲೇ. ನಿಮ್ಮ ಕ್ಲಬ್ಬಿನ ಸುತ್ತ ಹತ್ತು ಮೈಲಿಯಲ್ಲಿ ಆ ದೇಶದ ಇನ್ನೊಂದು ವಸ್ತು ಏನಿದೆ ಅಂತ ಒಮ್ಮೆ ನೋಡಿ.

ನವೆಂಬರ್ ಕೊನೆಯ ವಾರ ಲೇಖನ ಬಂತು. ಎರಡು ಪುಟ, ಪೋಸ್ಟ್‌ಕಾರ್ಡ್ ಚಿತ್ರ ದೊಡ್ಡದಾಗಿ. ತಮಾಷೆ ಏನಂದರೆ, ಎರಡು ವರ್ಷ ನನ್ನ ಮೇಲ್‌ಗೆ ಉತ್ತರ ಕೊಡದ ಒಂದು ಸ್ಥಳೀಯ ಇಂಗ್ಲಿಷ್ ಪತ್ರಿಕೆ ಆಮೇಲೆ ತಾನೇ ಫೋನ್ ಮಾಡಿತು, ಬಾರ್ಸಿಲೋನಾದವರು ನಮ್ಮೂರಿಗೆ ಬಂದಿದ್ದಾರಂತಲ್ಲ ಅಂತ. ಪರದೇಶದ ಪತ್ರಿಕೆಯಿಂದ ಸಿಗುವ ದೊಡ್ಡ ಲಾಭ ಇದೇ. ಹೊರಗೆ ಹೋಗಿ ಬಂದ ಸುದ್ದಿಗೆ ಮನೆಯಲ್ಲಿ ಬೆಲೆ. ಬೆಂಗಳೂರಿನ ಗೆಳೆಯನಿಗೆ ಪುಟದ ಫೋಟೋ ಕಳಿಸಿದೆ. ಹೆಬ್ಬೆರಳಿನ ಗುರುತು ಒಂದು ಬಂತು, ಮಾತಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗವೂ ಆಯಿತು. ಗ್ರೀನ್‌ವೆಲ್ ಪೆರು ತಂಡಕ್ಕೆ 1939ರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ ಗೆದ್ದುಕೊಟ್ಟವರು. ಕೊನೆಯ ಪಂದ್ಯದಲ್ಲಿ ಉರುಗ್ವೆ ಮೇಲೆ 2-1, ನಡೆದಿದ್ದು ಲಿಮಾದಲ್ಲೇ. ಲೋಲೊ ಫರ್ನಾಂದೆಸ್ ಆ ತಂಡದವರು. ಪೆರುವಿನಲ್ಲಿ ಆ ಹೆಸರು ಕೇಳಿದರೆ ಸಾಕು, ಮಾತು ಶುರುವಾಗುತ್ತದೆ. ಲಿಮಾಗೆ ಅದೇ ರೀತಿಯ ಮೇಲ್ ಕಳಿಸಿದೆ, ಲೋಲೊ ಹೆಸರು ಮೊದಲು ಹಾಕಿ. ಎರಡೇ ದಿನದಲ್ಲಿ ರೇಡಿಯೊದವರು ಸಂದರ್ಶನ ಕೇಳಿದರು. ಬಾರ್ಸಿಲೋನಾಗೆ ಎರಡು ವರ್ಷ ಹಿಡಿದಿತ್ತು! ಮನಿಲಾಗೂ ಒಂದು ಕಳಿಸಿದ್ದೆ. ಗ್ರೀನ್‌ವೆಲ್ ಕಾಲದ ಬಾರ್ಸಾ ಫಾರ್ವರ್ಡ್ ಪೌಲಿನೊ ಅಲ್ಕಾಂತರಾ ಹುಟ್ಟಿದ್ದು ಫಿಲಿಪೀನ್ಸ್‌ನಲ್ಲಿ. ಅಲ್ಲಿಂದ ಇನ್ನೂ ಉತ್ತರ ಇಲ್ಲ.

ಖರ್ಚು ಕೇಳುವವರಿಗೆ: ಅನುವಾದ, ಪೋಸ್ಟ್‌ಕಾರ್ಡ್, ಪೆಟ್ರೋಲ್, ಅತಿಥಿಗಳಿಗೆ ಊಟ, ಗ್ಯಾಲರಿ ಟಿಕೆಟ್ ಎಲ್ಲ ಸೇರಿ ಇನ್ನೂರೈವತ್ತು ಪೌಂಡ್ ಆಸುಪಾಸು. ವಿಮಾನದ ಖರ್ಚು ಪತ್ರಿಕೆಯದ್ದೇ. ಅವರು ಕೇಳಿದರೂ ನೀವು ಕೊಡಬೇಡಿ. ತಮ್ಮ ದುಡ್ಡು ಹಾಕಿ ಬಂದವರು ಪುಟ ಖಾಲಿ ಬಿಡುವುದಿಲ್ಲ. ನನ್ನ ಗಳಿಕೆ ಸೊನ್ನೆ. ಚಳಿಗಾಲದಲ್ಲಿ ಮಿಲ್‌ಫೀಲ್ಡ್‌ನಲ್ಲಿ ನನ್ನ ಪಕ್ಕ ಬಾರ್ಸಾ ಸ್ಕಾರ್ಫ್ ಹಾಕಿಕೊಂಡ ಇಬ್ಬರು ನಿಂತಿದ್ದರು, ಲೇಖನ ಓದಿ ಬಂದವರು. ಚಳಿಗೆ ಶಾಪ ಹಾಕುತ್ತಲೇ ಕೊನೆಯ ಸೀಟಿಯವರೆಗೂ ಇದ್ದರು.

ಈಗ ಇಂಗ್ಲೆಂಡಿನ ಬ್ಯಾರೋ ಕ್ಲಬ್ ಅಭಿಮಾನಿಯೊಬ್ಬರ ಜೊತೆ ಮುಂದಿನದ್ದು ನಡೆದಿದೆ. ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬನ್ನು 1930, 1931ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆಲ್ಲಿಸಿದ ಫ್ರೆಡ್ ಪೆಂಟ್‌ಲಂಡ್, ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಇಂಗ್ಲೆಂಡಿಗೆ ಬಂದು ಬ್ಯಾರೋಗೆ ಮ್ಯಾನೇಜರ್ ಆಗಿದ್ದರು. ಅವರ ಬಿಲ್ಬಾವೊ 1931ರ ಫೆಬ್ರವರಿಯಲ್ಲಿ ಬಾರ್ಸಾವನ್ನು 12-1ರಿಂದ ಹೊಡೆದು ಹಾಕಿತ್ತು. ಅದಕ್ಕೆ ನೂರು ವರ್ಷ ತುಂಬುವುದು 2031ರಲ್ಲಿ, ಅಂದರೆ 2030ರ ಬೇಸಿಗೆಯಲ್ಲೇ ಬಿಲ್ಬಾವೊಗೆ ಮೇಲ್ ಹೋಗಬೇಕು. ಬಾರ್ಸಿಲೋನಾದ ನನ್ನ ವರದಿಗಾರರಿಗೆ ಮಾತ್ರ ಇದರ ಸುದ್ದಿ ಎತ್ತಿಲ್ಲ.