ಪೈಸೆ ಬಿಚ್ಚದೆ ಪೇಪರ್ ಹಾಕಿಸಿದ್ದು

"ದುಡ್ಡು ಬಿಚ್ಚದೆ ಪೇಪರ್ ಬರಲ್ಲ ಕಣೋ." ಸಂಶೋಧನಾ ಪೇಪರ್ ಜರ್ನಲ್‌ನಲ್ಲಿ ಹಾಕಿಸುವ ಮಾತು ಬಂದಾಗಲೆಲ್ಲ ಮೂರು ವರ್ಷ ಇದನ್ನೇ ಕೇಳಿದ್ದೇನೆ. ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಸೀನಿಯರ್‌ಗಳು ಹೇಳಿದ್ದು, ಗೈಡ್ ಕೂಡ ಮೆಲ್ಲಗೆ ಹೇಳಿದ್ದು. ಕಳೆದ ತಿಂಗಳು ನನ್ನ ಪೇಪರ್ ಬಂತು. ಜರ್ನಲ್‌ಗೆ ಕೊಟ್ಟಿದ್ದು ಸೊನ್ನೆ.

ಅದಕ್ಕೂ ಮೊದಲು ಕಳೆದುಕೊಂಡಿದ್ದನ್ನು ಹೇಳಲೇಬೇಕು. 2023ರಲ್ಲಿ ಯುಜಿಸಿ-ಕೇರ್ ಪಟ್ಟಿ, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ, ನೋಡಿಯೇ ಒಂದು ಜರ್ನಲ್‌ಗೆ ಕಳಿಸಿದೆ. ನಾಲ್ಕೇ ದಿನಕ್ಕೆ ಅಕ್ಸೆಪ್ಟ್! ಕುಣಿದಾಡಿಬಿಟ್ಟೆ. 4,500 ರೂಪಾಯಿ ಒಬ್ಬರ ಸ್ವಂತ ಯುಪಿಐಗೆ ಹಾಕಿದೆ. ಆಮೇಲೆ ಗೊತ್ತಾಯಿತು, ಪಟ್ಟಿಯಲ್ಲಿದ್ದ ಜರ್ನಲ್ ಬರೀ ಪ್ರಿಂಟ್‌ನಲ್ಲಿ ಬರುವಂಥದ್ದು, ಅದಕ್ಕೆ ವೆಬ್‌ಸೈಟೇ ಇಲ್ಲ. ಅದೇ ಹೆಸರು, ಅದೇ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಕದ್ದು ಯಾರೋ ಅಂಗಡಿ ತೆರೆದಿದ್ದರು. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಎರಡು ನಿಮಿಷ ನೋಡಿದ್ದರೆ ಸಾಕಿತ್ತು.

ಎರಡನೇ ಸಲ ದೊಡ್ಡ ಪಬ್ಲಿಷರ್. ಎಪಿಸಿ, ಅಂದರೆ ಪೇಪರ್ ಹಾಕುವ ಫೀಸ್, ಹತ್ತಿರ ಹತ್ತಿರ 1.8 ಲಕ್ಷ. ವಿನಾಯಿತಿ ಕೇಳಿದೆ. ವಿನಾಯಿತಿ ಸಿಗುವ ದೇಶಗಳ ಪಟ್ಟಿಯಲ್ಲಿ ನಿಮ್ಮ ದೇಶ ಇಲ್ಲ ಅಂದರು. 2025ರಿಂದ ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಮೇಲೆ 13 ಸಾವಿರದಷ್ಟು ಜರ್ನಲ್ ಓದೋಕೆ ಸಿಗುತ್ತವೆ, ಒಳ್ಳೆಯದೇ. ನಾನು ಬರೆದದ್ದನ್ನು ಹಾಕಿಸುವಾಗ ಮಾತ್ರ ಜೇಬು ನನ್ನದೇ ಆಗಿತ್ತು.

ನಿಯಮಗಳ ಕಥೆ ಬೇರೆ. 2022ರ ನಿಯಮದಲ್ಲಿ ಪಿಎಚ್‌ಡಿ ಥೀಸಿಸ್‌ಗೆ ಮೊದಲು ಪೇಪರ್ ಕಡ್ಡಾಯ ಅನ್ನುವುದನ್ನೇ ಯುಜಿಸಿ ತೆಗೆಯಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯೂ ಹೋಯಿತು. ಇಂಟರ್‌ವ್ಯೂಗೆ ಹೋದರೆ ಕೇಳುವುದು ಮಾತ್ರ "ಸ್ಕೋಪಸ್ ಎಷ್ಟಿದೆ?" ಸ್ಕೋಪಸ್ ಅನ್ನುವ ಡೇಟಾಬೇಸ್‌ಗೆ ಸೇರಿದ ಪೇಪರ್ ಎಷ್ಟು ಅಂತ.

ನನ್ನ ವಿಷಯ ಹಿರಿಯೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್. "ಚಿತ್ರದುರ್ಗದ ಫ್ಲೋರೈಡ್ ಬಗ್ಗೆ ಇನ್ನೇನು ಬರೀತೀಯ?" ಅಂತ ನಕ್ಕವರೇ ಜಾಸ್ತಿ. ಆದರೆ ನನ್ನ ಹತ್ತಿರ ಎಂಎಸ್ಸಿ ಪ್ರಾಜೆಕ್ಟಿನ 2021ರ ನೋಟ್‌ಬುಕ್ ಇತ್ತು. ರಟ್ಟು ಹರಿದು, ಅರ್ಧ ಪುಟಕ್ಕೆ ಬಫರ್ ಚೆಲ್ಲಿದ ನೋಟ್‌ಬುಕ್. 2022ರಲ್ಲಿ ಮಾರಿಕಣಿವೆ (ವಾಣಿ ವಿಲಾಸ ಸಾಗರ) 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆಗ ಹೊಳೆಯಿತು: ಅದಕ್ಕೆ ಮೊದಲಿನ ಅಳತೆ ನನ್ನ ಹತ್ತಿರ ಇದೆ, ಈಗಿನದನ್ನು ಹೋಲಿಸಬಹುದು. ಅವೇ ನಲವತ್ತು ಚಿಲ್ಲರೆ ಬೋರ್‌ವೆಲ್‌ಗಳ ನೀರನ್ನು ಮತ್ತೆ ತಂದೆ. ಏಳೆಂಟು ಕೆಟ್ಟು ನಿಂತಿದ್ದವು, ಅವನ್ನು ಕೈಬಿಟ್ಟೆ. ಬಸ್ಸು, ಊಟ, ಬೈಕಿನ ಪೆಟ್ರೋಲ್ ಸೇರಿ ಆರು ಸಾವಿರದ ಆಸುಪಾಸು ಹೋಯಿತು.

ನಡುವೆ ಒಂದು ಹುಚ್ಚು. ಲ್ಯಾಬ್ ಬಾಟಲಿ ಸಾಲದೆ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೂ ತುಂಬಿಟ್ಟು ಮೂರು ವಾರ ಬಿಟ್ಟು ಫ್ಲೋರೈಡ್ ಅಳೆದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪೇಪರ್‌ಗೆ ಹಾಕಲಿಲ್ಲ, ಹಾಕಿದ್ದರೆ ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ನಗುತ್ತಿದ್ದರು.

ಮುಂದಿನದು ಡಿಒಎಜೆಯಲ್ಲಿ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಲ್ಲಿ, ಫೀಸ್ ಇಲ್ಲದ ಜರ್ನಲ್‌ಗಳನ್ನು ಸೋಸುವ ಕೆಲಸ. ಅರವತ್ತು ಸಿಕ್ಕವು, ಉಳಿಸಿಕೊಂಡಿದ್ದು ಐದು. ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಕ್ಯೂ ಉದ್ದ ಆದರೆ ನನಗೇ ಕಷ್ಟ. ಎರಡು ಕಡೆ ಡೆಸ್ಕ್ ರಿಜೆಕ್ಟ್ (ರಿವ್ಯೂಗೆ ಕಳಿಸದೆ ಸಂಪಾದಕರೇ ವಾಪಸ್ ಮಾಡುವುದು), ಅದರಲ್ಲಿ ಒಂದು ಬರೀ ಒಂಬತ್ತು ಗಂಟೆಯಲ್ಲಿ. ಮೂರನೆಯ ಕಡೆ ಕಳಿಸುವ ಮೊದಲು ಪೂರ್ತಿ ಡೇಟಾವನ್ನು ಝೆನೋಡೋ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಹಾಕಿ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ತೆಗೆದುಕೊಂಡೆ. ಅದೂ ಪುಕ್ಕಟೆ. "ಡೇಟಾ ಕೊಟ್ಟರೆ ಕದೀತಾರೆ" ಅಂದರು. ಯಾರೂ ಕದಿಯಲಿಲ್ಲ. ರಿವ್ಯೂವರ್ ಆ ಟೇಬಲ್ ತೆರೆದು ನೋಡಿ ಒಂದು ಬೋರ್‌ವೆಲ್‌ನ ಆಳ ತಪ್ಪಿದೆ ಅಂತ ಹಿಡಿದರು. ನೋಟ್‌ಬುಕ್ ತೆಗೆದೆ. 310 ಅಡಿ, ಟೈಪ್ ಮಾಡುವಾಗ 130 ಆಗಿತ್ತು!

ಇಂಗ್ಲಿಷ್ ತಿದ್ದಲು ಎಐ ಬಳಸಿದೆ, ಬಳಸಿದೆ ಅಂತ ಬರೆದೂ ಕೊಟ್ಟೆ. ಒಮ್ಮೆ ಉಲ್ಲೇಖಗಳನ್ನೂ ಅದರಿಂದಲೇ ಜೋಡಿಸಿದ್ದೆ. ಹನ್ನೊಂದರಲ್ಲಿ ಮೂರು ಇಲ್ಲದ ಪೇಪರ್‌ಗಳು. ಕಳಿಸುವ ಹಿಂದಿನ ರಾತ್ರಿ ಕಣ್ಣಿಗೆ ಬಿತ್ತು, ಬಚಾವಾದೆ.

ಕಳಿಸಿದ್ದರಿಂದ ಬರುವವರೆಗೆ ಎಂಟು ತಿಂಗಳು ಇರಬಹುದು. ಎರಡು ಸಲ ತಿದ್ದಿಸಿದರು. ನಕ್ಕ ಸೀನಿಯರ್ ಒಬ್ಬ ಮೊನ್ನೆ ಫೋನ್ ಮಾಡಿ ಆ ಐದರ ಹೆಸರು ಕೇಳಿದ. ಒಂದನ್ನು ಕೊಟ್ಟೆ. ನನ್ನ ಎರಡನೇ ಪೇಪರ್ ಇನ್ನೊಂದರಲ್ಲಿ ಕೂತಿದೆ, 71 ದಿನದಿಂದ ಅಂಡರ್ ರಿವ್ಯೂ.